ಸುರಿದ ಕಾಂಕ್ರೀಟ್ ತೆಗೆದ ದಿನ

ಸ್ಲ್ಯಾಬ್ ಹಾಕಲು ಎಲ್ಲ ತಯಾರಾದ ಮೇಲೆ ಮಳೆ ಬಂತು. ಕಡಲೆ ಕಿತ್ತು ಹೊಲದಲ್ಲಿ ಗುಂಪು ಹಾಕುವ ಕಾಲ ಅದು. ಆಗ ಶಲವಡಿಯ ಸುತ್ತ ಯಾರೂ ಮಳೆ ಬಯಸುವುದಿಲ್ಲ. ಮಧ್ಯಾಹ್ನ ಮೋಡ ಕವಿದು ಸಂಜೆಯೊಳಗೆ ಸುರಿದೇ ಬಿಟ್ಟಿತು. ರೈತರು ತಾಡಪತ್ರಿ ಹಿಡಿದು ಹೊಲಕ್ಕೆ ಓಡಿದರು. ನಾವು ತಾಡಪತ್ರಿ ಹಿಡಿದು ಕಟ್ಟಡದ ಮೇಲೆ ಹತ್ತಿದೆವು. ಕಟ್ಟಿಟ್ಟ ಕಬ್ಬಿಣದ ಸಳಿಗಳ ಮೇಲೆ ಹೊದಿಸಿ, ನಾಲ್ಕೂ ಮೂಲೆಗೆ ಇಟ್ಟಂಗಿ ಹೇರಿ ಕೆಳಗಿಳಿಯುವಷ್ಟರಲ್ಲಿ ಮಳೆ ನಿಂತಿತ್ತು. ಊರಿನ ದಾರಿ ಕೆಸರಾಗಿ, ಚಪ್ಪಲಿಗೆ ಮೆತ್ತಿಕೊಂಡ ಕಪ್ಪು ಎರಿ ಮಣ್ಣು ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು.

ನಾನು ಹುಬ್ಬಳ್ಳಿಯಲ್ಲಿ ಕಟ್ಟಡ ಕೆಲಸದ ಮೇಲ್ವಿಚಾರಣೆ ಮಾಡುವವಳು. ಆ ಸಲ ಸಂಬಳಕ್ಕೆ ಹೋಗಿರಲಿಲ್ಲ. ಶಲವಡಿಯಿಂದ ಒಳಗಿರುವ ಒಂದು ಹಳ್ಳಿಯಲ್ಲಿ ನಮ್ಮ ಚರ್ಚಿನ ಸಭೆಯವರು ಬಹಳ ವರ್ಷದಿಂದ ಒಂದು ಚಿಕ್ಕ ಶಾಲೆ ನಡೆಸುತ್ತಾರೆ. ಅಲ್ಲಿ ಓದುವವರು ಹೆಚ್ಚಿನವರು ಲಿಂಗಾಯತರ, ಕುರುಬರ ಮನೆಯ ಮಕ್ಕಳು. ಅದರ ಹಂಚಿನ ಎರಡು ಕೋಣೆ ಕುಸಿದಿದ್ದವು. ಹೊರದೇಶದ ಒಂದು ಚರ್ಚಿನವರು, ನಮ್ಮ ಸಭೆಯ ಹಳೆಯ ಸ್ನೇಹಿತರು, ಕೋಣೆಗಳನ್ನು ತಾವೇ ಬಂದು ಕಟ್ಟಿಕೊಡುತ್ತೇವೆಂದರು. ಅವರ ಮೊದಲ ತಂಡ ಹಿಂದಿನ ಚಳಿಗಾಲದಲ್ಲಿ ಬಂದು ಬುನಾದಿ ಮುಗಿಸಿ ಹೋಗಿತ್ತು. ಗೋಡೆಗಳನ್ನು ಊರಿನ ಗೌಂಡಿಗಳು ಏರಿಸಿದ್ದರು. ಈಗ ಎರಡನೇ ತಂಡ ಬಂದಿತ್ತು, ಮೇಲ್ಛಾವಣಿಗೆ. "ನೀನು ರಜಾ ಹಾಕಿ ಹೋಗು. ಕೆಲಸಾನೂ ನೋಡು, ಅವರ ಮಾತೂ ತಿಳಿಸಿ ಹೇಳು," ಎಂದು ನಮ್ಮ ಪಾಸ್ಟರ್ ಕೇಳಿಕೊಂಡಿದ್ದರು. ಹೂಂ ಅಂದಿದ್ದೆ. ಒಬ್ಬಳೇ ಎಂಜಿನಿಯರೂ ದುಭಾಷಿಯೂ ಆದರೆ ಏನಾಗಬಹುದೆಂದು ಆಗ ಯೋಚಿಸಿರಲಿಲ್ಲ.

ತಂಡದ ಮುಖ್ಯಸ್ಥರು ಎಪ್ಪತ್ತರ ಆಸುಪಾಸಿನ, ನೆಟ್ಟಗೆ ನಿಲ್ಲುವ ಮನುಷ್ಯ. ಆಯುಷ್ಯವಿಡೀ ಬಡಗಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಬೇರೆ ಬೇರೆ ದೇಶಗಳಲ್ಲಿ ಶಾಲೆ ಕಟ್ಟಲು ಹೋಗುತ್ತಿದ್ದವರು. ಮೊದಲ ತಂಡದಲ್ಲೂ ಇದ್ದರು. ಉಳಿದವರಲ್ಲಿ ಒಬ್ಬಾಕೆ ನರ್ಸ್, ಒಬ್ಬರು ಬಸ್ ಚಾಲಕರು, ಇನ್ನು ಕೆಲವರು ಮೇಷ್ಟ್ರುಗಳು. ಸ್ಲ್ಯಾಬ್ ಹಾಕಿದ ಮರುದಿನವೇ ಅವರು ಹೊರಡಬೇಕಿತ್ತು. ವಿಮಾನದ ಟಿಕೆಟ್ ಬದಲಿಸಲು ಆಗುತ್ತಿರಲಿಲ್ಲ.

ಊರಿನಲ್ಲಿ ಎಲ್ಲರಿಗೂ ಈ ಕೆಲಸ ಸಮಾಧಾನ ತಂದಿರಲಿಲ್ಲ. ಶಾಲೆಯ ಪಕ್ಕದ ಹೊಲ ಹಿರಿಯ ಗೌಡರೊಬ್ಬರದು. ಹಣೆಯ ತುಂಬ ವಿಭೂತಿ, ತೂಕವಿಟ್ಟು ಆಡುವ ಮಾತು. ನಾನು ಬಂದ ಮೊದಲ ದಿನವೇ ಕರೆಸಿ ಚಹಾ ಕುಡಿಸಿದರು. ಕಪ್ಪು ಕೆಳಗಿಟ್ಟ ಮೇಲೆ ಹೇಳಿದರು.

"ನೋಡವಾ, ಶಾಲಿ ಕಟ್ಟರಿ. ನನ್ನ ಮೊಮ್ಮಗಳೂ ಅಲ್ಲೇ ಕಲೀತಾಳ. ಆದ್ರ ಹುಡುಗರ ಮುಂದ ಪ್ರಾರ್ಥನಾ, ಹಾಡು ಅಂತ ಏನರೆ ಸುರು ಮಾಡಿದ್ರಂದ್ರ, ಊರು ಸುಮ್ಮನ ಕುಂದ್ರೂದಿಲ್ಲ. ನಾನೂ ಕುಂದ್ರೂದಿಲ್ಲ."

"ಹಂಗ ಆಗೂದಿಲ್ರಿ ಕಾಕಾ. ಬರೇ ಕೋಣಿ ಕಟ್ಟಾಕ ಬಂದಾರ," ಎಂದೆ.

"ನಿನ್ನ ಮಾತಿನ ಮ್ಯಾಲ ಬಿಡತೀನಿ ಮತ್ತ," ಎಂದರು ಅವರು.

ಮಳೆಯ ಮರುದಿನ ಬಿಸಿಲು ಬಿತ್ತು. ನಾನು ಎರಡೂ ಕೋಣೆಗಳ ಒಳಗೆ ಹೋಗಿ ಟೇಕುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಟೇಕು ಅಂದರೆ ಮೇಲಿನ ತಗಡಿನ ಹಾಸನ್ನು ಹೊತ್ತು ನಿಲ್ಲುವ ಕಬ್ಬಿಣದ ಕಂಬ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಸ್ಲ್ಯಾಬಿನ ಭಾರವೆಲ್ಲ ಅದರ ಮೇಲೆ. ಪ್ರತಿ ಟೇಕಿನ ಬುಡಕ್ಕೂ ದಪ್ಪ ಹಲಗೆ ಇತ್ತು. ಎರಡನೇ ಕೋಣೆಯಲ್ಲಿ ಕಿಟಕಿಯ ಕಡೆಯಿಂದ ಸ್ವಲ್ಪ ನೀರು ಒಳಗೆ ಬಂದಿತ್ತು. ಸಳಿಯೊಂದನ್ನು ತೆಗೆದುಕೊಂಡು ಅಲ್ಲಲ್ಲಿ ನೆಲ ಚುಚ್ಚಿದೆ. ನೆಲಕ್ಕೆ ತುಂಬಿದ್ದ ಕೆಂಪು ಗರಸು ಮಣ್ಣು ಗಟ್ಟಿಯಾಗಿಯೇ ಇತ್ತು. ಸಳಿಯ ತುದಿ ಟಣ್ ಅಂದು ನಿಂತಿತು. ಈ ಟೇಕು, ತಗಡು ಕಟ್ಟಿದ ಸೆಂಟ್ರಿಂಗ್ ಮೇಸ್ತ್ರಿಯೂ ನೋಡಿದ. ಅಣ್ಣಿಗೇರಿಯವನು, ಕಡಿಮೆ ನಿದ್ದೆ ಹೆಚ್ಚು ಎಲೆಅಡಿಕೆಯ ಮನುಷ್ಯ. "ಗಟ್ಟಿ ಐತ್ರಿ ಅಕ್ಕಾರ. ನಾಳೆ ಹೊಡದ ಬಿಡೂಣು," ಎಂದ.

ಆದರೂ ನನ್ನ ರೂಢಿ ಬಿಡಲಿಲ್ಲ. ಎರಡೂ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ, ತಗಡಿನ ಹಾಸಿಗಿಂತ ನಾಲ್ಕು ಬೆರಳು ಕೆಳಗೆ, ಒಂದೊಂದು ದಾರ ಬಿಗಿಯಾಗಿ ಕಟ್ಟಿದೆ. ಗೋಡೆ ಅಲ್ಲಾಡುವುದಿಲ್ಲ, ಆದ್ದರಿಂದ ದಾರವೂ ಅಲ್ಲಾಡುವುದಿಲ್ಲ. ಹಾಸು ಕೆಳಗೆ ಬಂದರೆ ದಾರಕ್ಕೂ ಅದಕ್ಕೂ ನಡುವಿನ ಅಂತರ ಕಡಿಮೆಯಾಗುತ್ತದೆ. ಬಾಗಿಲಲ್ಲಿ ನಿಂತು ಟಾರ್ಚ್ ಬಿಟ್ಟರೆ ಸಾಕು, ಒಳಗೆ ಹೋಗದೆ ಕಾಣುತ್ತದೆ.

ಸ್ಲ್ಯಾಬಿನ ದಿನ ಬೆಳಿಗ್ಗೆ ಮೊದಲ ಜಗಳ ತೆಂಗಿನಕಾಯಿಯದು. ಮಿಕ್ಸರಿನವರು ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಹಿಡಿದು ನಿಂತಿದ್ದರು. ತಂಡದ ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದರು.

"ಇದು ಚರ್ಚಿನ ಶಾಲೆ. ಇದು ಬೇಕೇ?"

"ಇವರು ಕಾಯಿ ಒಡೆಯದೆ ಮಿಕ್ಸರ್ ತಿರುಗಿಸುವುದಿಲ್ಲ. ಇದು ಇವರ ಪ್ರಾರ್ಥನೆ ಅಂತ ತಿಳಿಯಿರಿ," ಎಂದೆ.

"ಹಾಗಾದರೆ ನಮ್ಮದು? ಮಕ್ಕಳನ್ನು ಕರೆಸಿ, ಎಲ್ಲರೂ ಕೈ ಹಿಡಿದು ನಿಲ್ಲೋಣ."

ಗೌಡರಿಗೆ ಕೊಟ್ಟ ಮಾತನ್ನು ಮುಖ್ಯಸ್ಥರಿಗೆ ಮತ್ತೊಮ್ಮೆ ನೆನಪಿಸಬೇಕಾಯಿತು. ಅವರ ಮುಖ ಕೆಂಪಾಯಿತು. ಕೊನೆಗೆ ತಂಡದವರಷ್ಟೇ ಕಟ್ಟಡದ ಹಿಂದೆ ಹೋಗಿ, ತಲೆ ಬಾಗಿಸಿ, ದನಿಯಿಲ್ಲದೆ ಪ್ರಾರ್ಥಿಸಿ ಬಂದರು. ನಾನೂ ಅವರ ಜೊತೆ ನಿಂತೆ. ಈಚೆ ಬರುವಷ್ಟರಲ್ಲಿ ಕಾಯಿ ಒಡೆದಿತ್ತು. ನರ್ಸ್ ಒಂದು ಚೂರು ಕೊಬ್ಬರಿ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು. ಮಿಕ್ಸರಿನವರು ನಕ್ಕರು. ಕೆಲಸ ಶುರುವಾಯಿತು.

ಅಂಥ ಹಳ್ಳಿಗೆ ಪಂಪಿನ ಗಾಡಿ ಬರುವುದಿಲ್ಲ. ಖಡಿ, ಉಸುಕು, ಸಿಮೆಂಟು ಮಿಕ್ಸರಿನಲ್ಲಿ ತಿರುವಿ, ಕಾಂಕ್ರೀಟನ್ನು ಬುಟ್ಟಿಗೆ ತುಂಬಿ, ನೆಲದಿಂದ ಮೇಲಿನವರೆಗೆ ಸಾಲು ನಿಂತವರು ಕೈಯಿಂದ ಕೈಗೆ ಸಾಗಿಸಬೇಕು. ಕಡಲೆ ಸುಗ್ಗಿಯಿಂದ ಊರಲ್ಲಿ ಆಳು ಸಿಗುತ್ತಿರಲಿಲ್ಲ. ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದವರೇ. ಮೊದಮೊದಲು ಬುಟ್ಟಿ ಬೀಳಿಸಿದರು, ಆಮೇಲೆ ಲಯ ಹಿಡಿದರು. ನಾನು ಮೇಲಿದ್ದೆ. ಸಳಿಯನ್ನು ತಗಡಿನಿಂದ ಎತ್ತಿ ಹಿಡಿಯುವ ಸಿಮೆಂಟಿನ ಬಿಲ್ಲೆ ಸರಿದಿದೆಯೋ, ಕಾಂಕ್ರೀಟನ್ನು ನಡುಗಿಸಿ ಕೂರಿಸುವ ವೈಬ್ರೇಟರ್ ಮೂಲೆ ಮೂಲೆಗೆ ಮುಟ್ಟುತ್ತಿದೆಯೋ, ಯಾರಾದರೂ ಬೇಗ ಆಗಲೆಂದು ಮಿಕ್ಸರಿಗೆ ನೀರು ಹೆಚ್ಚು ಹೊಡೆಯುತ್ತಿದ್ದಾರೋ ಅಂತ ಒಂದೇ ಸಮನೆ ನೋಡುತ್ತಿದ್ದೆ. ನಡುನಡುವೆ ಇಳಿದು ಬಾಗಿಲಲ್ಲಿ ನಿಂತು ದಾರ ನೋಡಿ ಬರುತ್ತಿದ್ದೆ.

ಮೊದಲ ಕೋಣೆ ಊಟದ ಹೊತ್ತಿಗೆ ಮುಗಿಯಿತು. ದಾರದ ಅಂತರ ನಾಲ್ಕು ಬೆರಳು, ಹಾಗೇ ಇತ್ತು. ಶಾಲೆಯ ಮುಖ್ಯ ಶಿಕ್ಷಕಿ, ಊರಿನವರ ಬಾಯಲ್ಲಿ ಹೆಡ್ ಬಾಯಾರು, ಎಲ್ಲರಿಗೂ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಸಿಕೊಂಡು ಬಂದಿದ್ದರು. ಕಾಂಕ್ರೀಟ್ ಹಾಕುವಾಗ ಕೆಲಸ ನಿಲ್ಲಿಸುವಂತಿಲ್ಲ. ಒಬ್ಬರಾದ ಮೇಲೆ ಒಬ್ಬರು ಸಾಲು ಬಿಟ್ಟು ತಿಂದು ಬಂದರು. ನಡುಗೋಡೆ ದಾಟಿ ಎರಡನೇ ಕೋಣೆಗೆ ಸಾಗಿದೆವು.

ಆ ಕೋಣೆಯ ಮೂರನೇ ಒಂದು ಭಾಗ ತುಂಬಿರಬೇಕು. ನಾನು ಇಳಿದು ಬಾಗಿಲಿಗೆ ಹೋದೆ. ಟಾರ್ಚ್ ಬಿಟ್ಟೆ. ದಾರದ ಮೇಲೆ ಮೂರು ಬೆರಳಿಗಿಂತ ಕಡಿಮೆ ಜಾಗವಿತ್ತು.

ಕಣ್ಣು ಮೋಸ ಮಾಡುತ್ತಿದೆಯೆಂದು ದಾರವನ್ನೇ ಪರೀಕ್ಷಿಸಿದೆ. ಎರಡೂ ತುದಿಯ ಮೊಳೆ ಸರಿಯಾಗಿದ್ದವು, ದಾರ ಬಿಗಿಯಾಗಿತ್ತು. ಮತ್ತೆ ನೋಡಿದೆ. ಕಿಟಕಿಯ ಕಡೆಯ ಟೇಕುಗಳ ಬುಡದ ಹಲಗೆ ಒಂದು ಬದಿಗೆ ಓರೆಯಾಗಿ ಗರಸಿನೊಳಗೆ ಒತ್ತಿಕೊಂಡಿತ್ತು. ಹಲಗೆಯ ಅಂಚಿನಿಂದ ನೀರು ಜಿನುಗುತ್ತಿತ್ತು.

ಅಷ್ಟರಲ್ಲಿ ಒಳಗೆ ಟೇಕುಗಳ ಹಿಂದೆ ಸುತ್ತಿಗೆ ಏಳುವುದು ಕಂಡಿತು. ಮೇಸ್ತ್ರಿ ಇನ್ನೊಂದು ಬಾಗಿಲಿನಿಂದ ಒಳಗೆ ಹೋಗಿದ್ದ. ನನಗಿಂತ ಮೊದಲೇ ಅವನಿಗೆ ಸಂಶಯ ಬಂದಿತ್ತು. ಟೇಕಿನ ಬುಡಕ್ಕೆ ಬೆಣೆ ಹೊಡೆಯುತ್ತಿದ್ದ. ಅವನ ಪಕ್ಕದಲ್ಲಿ, ಆ ಟೇಕನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದುಕೊಂಡು, ನರ್ಸ್ ನಿಂತಿದ್ದರು. ಅವನು ಕೈ ಮಾಡಿ ಕರೆದಿದ್ದನಂತೆ. ಅವರು ಊಟ ಮುಗಿಸಿ ಬರುತ್ತಿದ್ದವರು, ಸಹಾಯಕ್ಕೆ ಹೋಗಿದ್ದರು. ಇಬ್ಬರ ತಲೆಯ ಮೇಲೆ ಹಸಿ ಕಾಂಕ್ರೀಟ್, ಅದರ ಮೇಲೆ ಏಳೆಂಟು ಜನ, ವೈಬ್ರೇಟರಿನ ನಡುಕ.

ಕೂಗಿದೆ. ಮಿಕ್ಸರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಓಡಿಹೋಗಿ ಮಿಕ್ಸರ್ ಬಂದ್ ಮಾಡಿಸಿದೆ, ವೈಬ್ರೇಟರ್ ನಿಲ್ಲಿಸಲು ಮೇಲಕ್ಕೆ ಕೈ ಬೀಸಿದೆ. ಇದ್ದಕ್ಕಿದ್ದಂತೆ ಎಲ್ಲ ಸ್ತಬ್ಧವಾಯಿತು. ಆ ಮೌನದಲ್ಲಿ ಒಳಗಿನ ತಗಡೊಂದು ಕಿರ್ರ್ ಅಂದದ್ದು ಎಲ್ಲರಿಗೂ ಕೇಳಿಸಿತು.

ಬಾಗಿಲಿಗೆ ಬಂದು ಮೊದಲು ಇಂಗ್ಲಿಷಿನಲ್ಲಿ ನರ್ಸಿಗೆ, "ಕೈ ಬಿಡಿ. ಹೊರಗೆ ಬನ್ನಿ. ನಿಧಾನ," ಎಂದೆ. ಆಕೆ ನನ್ನ ಮುಖ ನೋಡಿದರು. ಕೈ ಬಿಟ್ಟು, ಬಗ್ಗಿ, ಟೇಕುಗಳ ನಡುವೆ ಹಾದು ಹೊರಗೆ ಬಂದರು. ಮೇಸ್ತ್ರಿ ಅಲ್ಲೇ ಕುಳಿತಿದ್ದ.

"ಹೊರಗ ಬರ್ರಿ ಮೇಸ್ತ್ರಿ."

"ಇನ್ನೊಂದ ಬೆಣಿ ಅಕ್ಕಾರ. ಒಂದ ಹೊಡದ್ರ ಹಿಡೀತೈತಿ."

"ತೆಳಗ ಹಿಡಿಯೂ ನೆಲಾನ ಇಲ್ಲ. ಬರ್ರಿ ಅಂದ್ನಿ."

"ನನ್ನ ಸೆಂಟ್ರಿಂಗ್ ಬಿದ್ದೈತಿ ಅಂತ ನಾಳೆ ಯಾರೂ ಅನಬಾರದ್ರಿ."

"ನಿಮ್ಮ ಮಕ್ಕಳಿಗೆ ಏನ್ ಹೇಳ್ಲಿ ನಾನು? ಬರ್ರಿ ಹೊರಗ!"

ಅವನು ಸುತ್ತಿಗೆಯನ್ನು ಅಲ್ಲೇ ಬಿಟ್ಟು ಬಂದ. ಬಾಗಿಲು ದಾಟಿದ ಮೇಲೆ ಗೋಡೆಗೆ ಒರಗಿ ಕುಳಿತುಬಿಟ್ಟ. ಎರಡೂ ಬಾಗಿಲಿಗೆ ಅಡ್ಡ ಬಿದಿರು ಕಟ್ಟಿಸಿದೆ, ಒಳಗೆ ಯಾರೂ ಕಾಲಿಡಬಾರದೆಂದು.

ಈಗ ತೀರ್ಮಾನ ಮಾಡಬೇಕಿತ್ತು. ದಾರಿ ಮೂರೇ. ಮೊದಲನೆಯದು, ಟೇಕುಗಳನ್ನು ತಿರುಗಿಸಿ ಎತ್ತುವುದು. ಅದಕ್ಕೆ ಮನುಷ್ಯರು ಒಳಗೆ ಹೋಗಬೇಕು. ಕಾಂಕ್ರೀಟ್ ಬಿಗಿಯಲು ಶುರುವಾಗಿದ್ದರೆ ಎತ್ತಿದಾಗ ಒಳಗೇ ಬಿರುಕು ಬಿಡುತ್ತದೆ. ಎರಡನೆಯದು, ಆದದ್ದಾಯಿತೆಂದು ಬೇಗ ಬೇಗ ಮುಗಿಸುವುದು. ಭಾರ ಈಗಿರುವುದರ ಮೂರರಷ್ಟಾಗುತ್ತದೆ. ಮೂರನೆಯದು, ಆ ಕೋಣೆಯ ಮೇಲೆ ಹಾಕಿದ ಕಾಂಕ್ರೀಟನ್ನು ಗಟ್ಟಿಯಾಗುವ ಮೊದಲೇ ಪೂರ್ತಿ ತೆಗೆದುಬಿಡುವುದು. ಕಾಂಕ್ರೀಟ್ ಕಾಯುವುದಿಲ್ಲ. ಅರ್ಧ ಗಂಟೆ ಚರ್ಚೆ ಮಾಡಿದರೆ ಮೂರನೆಯ ದಾರಿ ತಾನಾಗಿಯೇ ಮುಚ್ಚಿಹೋಗುತ್ತದೆ.

ಮುಖ್ಯಸ್ಥರು ಏಣಿ ಇಳಿದು ಬಂದರು. ಬಾಗಿಲಲ್ಲಿ ಬಗ್ಗಿ ದಾರ ನೋಡಿದರು.

"ಸ್ವಲ್ಪ ಕುಳಿತಿದೆ. ಭಾರ ಬಿದ್ದಾಗ ಎಲ್ಲ ಟೇಕುಗಳೂ ಸ್ವಲ್ಪ ಕೂರುತ್ತವೆ," ಎಂದರು.

"ಮೊದಲ ಕೋಣೆಯಲ್ಲಿ ಕೂರಲಿಲ್ಲ."

"ಈಗ ನಿಂತಿದೆ. ಇನ್ನು ಇಳಿಯುವುದಿಲ್ಲ. ಕೆಳಗೆ ಹೋಗಲು ಯಾರೂ ಬೇಡ. ಮುಗಿಸಿಬಿಡೋಣ. ಸೂರು ಒಂದೆರಡು ಬೆರಳು ಇಳಿದಿದ್ದರೆ ಪ್ಲಾಸ್ಟರಿನಲ್ಲಿ ಮುಚ್ಚುತ್ತದೆ."

"ನಿಂತಿದೆ ಅಂತ ನಿಮಗೆ ಹೇಗೆ ಗೊತ್ತು?"

"ಬೀಳುತ್ತದೆ ಅಂತ ನಿಮಗೆ ಹೇಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ. ಅದೇ ನಿಜ. ನೆಲ ಯಾಕೆ ಒಳಗೆ ಹೋಯಿತೆಂಬುದೂ ತಿಳಿದಿರಲಿಲ್ಲ. ಸುತ್ತ ನಿಂತಿದ್ದವರ ಮುಖ ನೋಡಿದೆ. ಬಸ್ ಚಾಲಕರ ಅಂಗೈ ಬೊಬ್ಬೆ ಒಡೆದು ರಕ್ತ ಬಂದಿತ್ತು. ಬಟ್ಟೆ ಸುತ್ತಿಕೊಂಡು ಸಾಲಿನಲ್ಲಿ ನಿಂತಿದ್ದರು. ಇವರು ಇಷ್ಟು ದೂರ ಬಂದದ್ದು ಇದೊಂದಕ್ಕೆ. ಗೌಂಡಿಗಳಲ್ಲೂ ಇಬ್ಬರು, "ಮುಗಸೂಣ್ರಿ ಅಕ್ಕಾರ, ಏನಾಗೂದಿಲ್ಲ," ಅನ್ನುತ್ತಿದ್ದರು. ಹೆಡ್ ಬಾಯಾರು ಸೆರಗು ಬಿಗಿಯಾಗಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದರು.

"ತೆಗಿಯೂಣು," ಎಂದೆ, ಮೊದಲು ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ.

ಮುಖ್ಯಸ್ಥರು ನನ್ನನ್ನು ದಿಟ್ಟಿಸಿ ನೋಡಿದರು. "ನಾನು ಒಪ್ಪುವುದಿಲ್ಲ," ಎಂದು ಸ್ಪಷ್ಟವಾಗಿ ಹೇಳಿದರು. ನಂತರ ಕೈಗವಸು ಕಳಚಿ, ಬೇವಿನ ಮರದ ಕೆಳಗೆ ಹೋಗಿ ಕುಳಿತರು.

ತೆಗೆಯುವುದು ಹಾಕುವುದಕ್ಕಿಂತ ಅಪಾಯದ ಕೆಲಸ. ಮೇಲೆ ಜನ ಹೆಚ್ಚಾದರೆ ಅದೂ ಭಾರವೇ. ಗೋಡೆಯಿಂದ ಗೋಡೆಗೆ ಉದ್ದನೆಯ ಹಲಗೆ ಹಾಸಿದೆವು, ಕಾಲಿನ ಭಾರ ಟೇಕಿನ ಮೇಲೆ ಬೀಳದೆ ಗೋಡೆಗೆ ಹೋಗಲೆಂದು. ಅದರ ಮೇಲೆ ಮೂವರು ಮಾತ್ರ: ಇಬ್ಬರು ಗೌಂಡಿಗಳು ಮತ್ತು ನಾನು. ನಡುವಿನ ಕಾಂಕ್ರೀಟ್ ಮೊದಲು, ಅಂಚಿನದು ಆಮೇಲೆ. ಸಲಿಕೆಯಲ್ಲಿ ಮೀಟುವಂತಿಲ್ಲ, ಎಳೆಯುವಂತಿಲ್ಲ; ಸಳಿಗಳ ನಡುವಿನಿಂದ ಕೈಯಲ್ಲೇ ಬಾಚಿ ಬುಟ್ಟಿಗೆ ತುಂಬಬೇಕು. ಒಬ್ಬ ಗೌಂಡಿ ಸಳಿ ತೊಳೆಯಲು ನೀರಿನ ಪೈಪು ಎಳೆದುಕೊಂಡು ಬಂದಾಗ ನಾನು ಬಯ್ದೇಬಿಟ್ಟೆ. ಮೇಲಿನಿಂದ ಸೋರಿದ ನೀರು ಮತ್ತೆ ಅದೇ ನೆಲಕ್ಕೆ ಇಳಿಯುತ್ತಿತ್ತು.

ಕೆಳಗೆ ಸಾಲು ಮತ್ತೆ ನಿಂತಿತು. ಅದೇ ಜನ. ಮುಖ ತಿರುಗಿಸಿ ನಿಂತರು ಅಷ್ಟೇ. ಹತ್ತಿ ಬರುತ್ತಿದ್ದ ಬುಟ್ಟಿಗಳು ಈಗ ಇಳಿಯತೊಡಗಿದವು. ಬೆಳಿಗ್ಗೆಯಿಂದ ಹಾಡು ಗುನುಗುತ್ತಿದ್ದ ಮೇಷ್ಟ್ರೊಬ್ಬರು ಬುಟ್ಟಿ ದಾಟಿಸುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೆಡ್ ಬಾಯಾರು ಕೊನೆಯಲ್ಲಿ ನಿಂತು, ಬಂದ ಕಾಂಕ್ರೀಟನ್ನು ನೀರಿನ ತೊಟ್ಟಿಯ ಸುತ್ತ ಹಾಕಿಸಿದರು. ಅಲ್ಲಿ ಯಾವಾಗಲೂ ಕೆಸರು. ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಕಾಂಕ್ರೀಟ್ ಬಿರುಸಾಗಿತ್ತು. ಉಳಿ, ತಂತಿಯ ಬ್ರಶ್ಶು ಹಿಡಿದು ಸಳಿಗೆ ಅಂಟಿದ್ದನ್ನು ಕೆರೆದೆವು. ನನ್ನ ಬೆರಳಿನ ತುದಿಗಳು ಸಿಮೆಂಟಿಗೆ ಸುಲಿದುಹೋಗಿದ್ದವು.

ಸೂರ್ಯ ಇಳಿಯುವಾಗ ಮುಗಿಯಿತು. ಒಂದು ಕೋಣೆಗೆ ಸೂರು, ಇನ್ನೊಂದಕ್ಕೆ ಬರಿ ಸಳಿ. ಏನೂ ಬಿದ್ದಿರಲಿಲ್ಲ. ಏನೂ ಬೀಳದೇ ಇದ್ದದ್ದು ಆ ಹೊತ್ತಿಗೆ ನನ್ನ ವಿರುದ್ಧದ ಸಾಕ್ಷಿಯಂತೆ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಬೀಳ್ಕೊಡುಗೆ. ಶಾಲೆಯ ಅಂಗಳದಲ್ಲಿ ಜಮಖಾನೆ ಹಾಸಿ, ತಂಡದವರಿಗೆ ಶಾಲು ಹೊದಿಸಿ, ಮುಖ್ಯಸ್ಥರಿಗೆ ಎರಡು ಮಾತು ಆಡಲು ಹೇಳಿದರು. ಊರಿನ ಹಿರಿಯರೆಲ್ಲ ಬಂದಿದ್ದರು. ಗೌಡರು ಮುಂದಿನ ಕುರ್ಚಿಯಲ್ಲಿದ್ದರು. ಮುಖ್ಯಸ್ಥರು ಇಂಗ್ಲಿಷಿನಲ್ಲಿ ಹೇಳುವುದು, ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವುದು.

ಅವರು ಊಟಕ್ಕೆ, ಪ್ರೀತಿಗೆ ಧನ್ಯವಾದ ಹೇಳಿದರು. ಹೇಳಿದೆ. ನಂತರ ಅವರು ಮುಂದುವರಿಸಿದರು.

"ನಿಮಗೆ ಪೂರ್ತಿ ಶಾಲೆ ಕೊಡುತ್ತೇವೆಂದು ಬಂದೆವು. ಅರ್ಧ ಬಿಟ್ಟು ಹೋಗುತ್ತಿದ್ದೇವೆ. ನಿನ್ನೆ ಮುಗಿಸಬಹುದಿತ್ತು. ನಿಮ್ಮ ಎಂಜಿನಿಯರ್ ಹೆದರಿದರು. ನಾನು ಅವರ ತೀರ್ಮಾನ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ."

ತಂಡದವರು ತಲೆ ತಗ್ಗಿಸಿದರು. ಊರಿನವರು ನನ್ನ ಕಡೆ ನೋಡುತ್ತ ಕಾಯುತ್ತಿದ್ದರು. ಆ ಮಾತನ್ನು ನುಂಗಿ ಬೇರೇನಾದರೂ ಹೇಳಬಹುದಿತ್ತು. ಊರಿನವರಲ್ಲಿ ಇಂಗ್ಲಿಷ್ ತಿಳಿದವರು ಹೆಡ್ ಬಾಯಾರು ಒಬ್ಬರೇ. ಆದರೆ ಮುಖ್ಯಸ್ಥರು ನಂಬಿ ತಮ್ಮ ಮಾತನ್ನು ನನ್ನ ಬಾಯಿಗೆ ಕೊಟ್ಟಿದ್ದರು. ಪೂರ್ತಿ ಹೇಳಿದೆ. "ನಿಮ್ಮ ಎಂಜಿನಿಯರು ಅಂಜಿದ್ರು ಅಂತ ಹೇಳಾಕತ್ತಾರ. ಅಂದ್ರ ನಾನು," ಎಂದೂ ಸೇರಿಸಿದೆ, ಯಾರಿಗೂ ಗೊಂದಲ ಬೇಡವೆಂದು.

ಗೌಡರು ಕುರ್ಚಿಯಲ್ಲೇ ಸ್ವಲ್ಪ ಮುಂದೆ ಬಾಗಿದರು.

"ಅವರನ್ನ ಒಂದ ಮಾತ ಕೇಳವಾ. ಆ ಅಂಜಿಕಿ ಇಟಗೊಂಡು ಮುಗಿಸಿದ್ರಂದ್ರ, ತಮ್ಮ ಮೊಮ್ಮಕ್ಕಳನ್ನ ಅದರ ತೆಳಗ ಕುಂದ್ರಸ್ತಿದ್ರೇನು?"

ಅದನ್ನೂ ಹೇಳಬೇಕಾಯಿತು. ನನ್ನ ಪರವಾಗಿ ಬಂದ ಮಾತನ್ನು ನನ್ನದೇ ಬಾಯಿಂದ ಅವರಿಗೆ ತಲುಪಿಸುವುದು ಹಿಂದಿನದಕ್ಕಿಂತ ಕಷ್ಟವಾಯಿತು. ದನಿ ಏರಿಸದೆ, ಒಂದು ಶಬ್ದ ಹೆಚ್ಚು ಕಡಿಮೆ ಇಲ್ಲದೆ ಹೇಳಿದೆ. ಮುಖ್ಯಸ್ಥರು ತಿರುಗಿ ಅರ್ಧ ಸೂರಿನ ಕಟ್ಟಡ ನೋಡಿದರು.

"ಗೊತ್ತಿಲ್ಲ ಅಂತ ಹೇಳಿ ಅವರಿಗೆ," ಎಂದರು.

ಹೊರಡುವಾಗ ನರ್ಸ್ ನನ್ನ ಬೆರಳುಗಳಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಮುಖ್ಯಸ್ಥರು ಕೈ ಕುಲುಕಿ ಗಾಡಿ ಹತ್ತಿದರು. ಗಾಡಿ ಶಲವಡಿಯ ಕಡೆ ಹೋಯಿತು.

ನನ್ನ ರಜೆ ಮುಗಿದಿತ್ತು. ಆಫೀಸಿಗೆ ಫೋನ್ ಮಾಡಿ ಇನ್ನಷ್ಟು ದಿನ ಕೇಳಿದೆ, ಬಯ್ದು ಕೊಟ್ಟರು. ಮೇಸ್ತ್ರಿಯ ಜೊತೆ ಸೇರಿ, ಗೋಡೆಯ ಕಡೆಯಿಂದ ಒಂದೊಂದೇ ಸಾಲು, ಎರಡನೇ ಕೋಣೆಯ ಹಾಸನ್ನೂ ಟೇಕುಗಳನ್ನೂ ಬಿಚ್ಚಿದೆವು. ನೆಲ ಬರಿದಾದ ಮೇಲೆ ಕಿಟಕಿಯ ಬದಿಗೆ ಗುದ್ದಲಿ ಹಾಕಿಸಿದೆ. ಒಳಗೆ ಪೂರ್ತಿ ಗಟ್ಟಿ ಗರಸು ಸಿಕ್ಕರೆ? ಅಷ್ಟು ಜನರ ಬೆವರನ್ನು ಸುಮ್ಮನೆ ಮಣ್ಣುಪಾಲು ಮಾಡಿದವಳು ನಾನೇ ಎಂದಾಗುತ್ತಿತ್ತು.

ಗರಸು ಒಂದು ಗೇಣೂ ಇರಲಿಲ್ಲ. ಅದರ ಕೆಳಗೆ ಕಪ್ಪಗೆ, ಬೆಣ್ಣೆಯಂತೆ ಮೆತ್ತಗೆ, ಎರಿ ಮಣ್ಣು. ಗುದ್ದಲಿ ಹಿಡಿ ತನಕ ಇಳಿಯಿತು. ಮೇಸ್ತ್ರಿ ಒಂದು ಉಂಡೆ ತೆಗೆದು ಅಂಗೈಯಲ್ಲಿ ಹಿಸುಕಿದ. ನೀರು ಒಸರಿತು.

"ಅಯ್ಯಯ್ಯೋ," ಎಂದಷ್ಟೇ ಅಂದು ಬಾಗಿಲ ಬಳಿ ಹೋಗಿ ಬೆನ್ನು ಮಾಡಿ ನಿಂತ. ಆ ಮಣ್ಣಿನ ಮೇಲೆಯೇ ಅವನು ಬೆಣೆ ಹೊಡೆಯುತ್ತ ಕುಳಿತಿದ್ದ.

ಹೆಡ್ ಬಾಯಾರನ್ನು ಕೇಳಿದಾಗ ವಿಷಯ ತಿಳಿಯಿತು. ಹಿಂದಿನ ವರ್ಷ ಮೊದಲ ಕೋಣೆಗೆ ಗರಸು ತುಂಬಿ ಮುಗಿದ ಮೇಲೆ ಟ್ರ್ಯಾಕ್ಟರ್ ಕೆಟ್ಟು ನಿಂತಿತಂತೆ. ತಂಡದವರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಬುನಾದಿಗೆ ಅಗೆದ ಮಣ್ಣು ಪಕ್ಕದಲ್ಲೇ ರಾಶಿ ಬಿದ್ದಿತ್ತು. ಖಾಲಿ ಬಿಟ್ಟು ಹೋಗುವುದಕ್ಕಿಂತ ಅದನ್ನೇ ತುಂಬೋಣವೆಂದು ಎಲ್ಲರೂ ಸೇರಿ ಉತ್ಸಾಹದಿಂದ ತುಂಬಿದರು. ಮೇಲೆ ಉಳಿದ ಗರಸು ಹರಡಿದರು. ಒಣಗಿದಾಗ ಕಲ್ಲಿನಂತೆ ಇರುವ ಮಣ್ಣು, ಯಾರಿಗೂ ತಪ್ಪೆನಿಸಲಿಲ್ಲ.

ಇದನ್ನು ಮುಖ್ಯಸ್ಥರಿಗೆ ಹೇಳಬೇಕೋ ಬೇಡವೋ ಎಂದು ನಾನು ಒಂದು ದಿನವೆಲ್ಲ ಒದ್ದಾಡಿದೆ. ಹೇಳಿದರೆ ಗೆದ್ದೆನೆಂದು ಬೀಗಿದಂತೆ. ಹೇಳದಿದ್ದರೆ, ಅವರು ಮುಂದೆ ಇನ್ನೊಂದು ದೇಶದಲ್ಲಿ ಇನ್ನೊಂದು ಕೋಣೆ ತುಂಬಿಸುತ್ತಾರೆ. ಗುಂಡಿಯ ಫೋಟೋ ತೆಗೆದು ಫೋನಿನಲ್ಲಿ ಕಳಿಸಿದೆ. ಏನು ಮಣ್ಣು, ನೀರು ಕುಡಿದರೆ ಏನಾಗುತ್ತದೆ, ಎಷ್ಟು ಆಳಕ್ಕಿದೆ, ಇಷ್ಟೇ ಬರೆದೆ. ಬೇರೆ ಒಂದು ಮಾತೂ ಸೇರಿಸಲಿಲ್ಲ.

ಉತ್ತರ ತಡವಾಗಿ ಬಂತು. "ಆ ಮಣ್ಣು ತುಂಬಿದವರಲ್ಲಿ ನಾನೂ ಒಬ್ಬ. ಟ್ರ್ಯಾಕ್ಟರಿಗೆ ಕಾಯಲು ನಮಗೆ ಪುರಸೊತ್ತು ಇರಲಿಲ್ಲ. ನರ್ಸಿಗೆ ಈ ಫೋಟೋ ತೋರಿಸಿದೆ. ಅವರು ಎದ್ದು ಹೊರಗೆ ಹೋದರು. ಪೂರ್ತಿ ತೆಗೆಯಿರಿ. ದಯವಿಟ್ಟು ಸ್ವಲ್ಪವೂ ಉಳಿಸಬೇಡಿ."

ಪೂರ್ತಿ ತೆಗೆದೆವು. ಕೆಳಗಿನ ನೆಲದವರೆಗೆ ಅಗೆದು ಹೊರಗೆ ಹಾಕಿ, ಗರಸು ತುಂಬಲು ಶುರು ಮಾಡಿದೆವು. ಗೌಡರು ಕಡಲೆ ಒಕ್ಕಣೆ ಬಿಡಿಸಿ ತಮ್ಮ ಟ್ರ್ಯಾಕ್ಟರ್ ಕಳಿಸಿದರು. ತಾವೂ ಬಂದು ಕುರ್ಚಿ ಹಾಕಿಸಿಕೊಂಡು ಕುಳಿತರು. ಒಂದೊಂದು ಗೇಣು ಗರಸು ಹರಡುವುದು, ಹದವಾಗಿ ನೀರು ಚಿಮುಕಿಸುವುದು, ದಿಮ್ಮಸಿನಿಂದ ಬಡಿಯುವುದು. ಬಡಿದಾಗ ಸದ್ದು ಮಂದದಿಂದ ಗಟ್ಟಿಗೆ ತಿರುಗುವವರೆಗೆ ಮುಂದಿನ ಪದರ ಇಲ್ಲ. ಬೇಸರದ ಕೆಲಸ. "ಇನ್ನ ಎಷ್ಟ ಬಡೀತಿಯವಾ, ನೆಲಕ್ಕ ಜೀವ ಬರತೈತಿ," ಎಂದು ಗೌಡರು ಒಮ್ಮೆ ಗೊಣಗಿದರು. ಆದರೆ ಎದ್ದು ಹೋಗಲಿಲ್ಲ.

ಎರಡನೇ ಸಲ ಸ್ಲ್ಯಾಬ್ ಹಾಕಿದಾಗ ಸಾಲಿನಲ್ಲಿ ನಿಂತವರೆಲ್ಲ ಊರಿನವರು. ಸುಗ್ಗಿ ಮುಗಿದಿತ್ತು. ಮಕ್ಕಳ ತಾಯಂದಿರು ಸೀರೆ ಎತ್ತಿ ಕಟ್ಟಿ ಬುಟ್ಟಿ ದಾಟಿಸಿದರು. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಮೇಲೆ ಕೆಳಗೆ ಓಡಾಡುತ್ತ, ಬಾಗಿಲಲ್ಲಿ ನಿಂತು ದಾರ ನೋಡುತ್ತ, ಊಟ ಮರೆತೆ. ಕೊನೆಯ ಬುಟ್ಟಿ ಸುರಿದಾಗಲೂ ನಾಲ್ಕು ಬೆರಳೇ ಇತ್ತು. ಅಂದು ಮೇಸ್ತ್ರಿ ನನಗಿಂತ ಹೆಚ್ಚು ಸಲ ಬಗ್ಗಿ ನೋಡಿದ್ದ.

ಸ್ಲ್ಯಾಬಿಗೆ ದಿನಾ ನೀರು ಕಟ್ಟುವ ಹೊಣೆ ಹೆಡ್ ಬಾಯಾರು ಹೊತ್ತರು. ನಾನು ಹುಬ್ಬಳ್ಳಿಗೆ ಹೋಗಿ ಕೆಲಸಕ್ಕೆ ಹಾಜರಾದೆ. ಟೇಕು ಬಿಚ್ಚುವ ದಿನ ಮತ್ತೆ ಬಂದೆ.

ನಡುವಿನಿಂದ ಗೋಡೆಯ ಕಡೆಗೆ, ಒಂದೊಂದೇ ಟೇಕನ್ನು ತಿರುಗಿಸಿ ಸಡಿಲಿಸಬೇಕು. ಬೇರೆಯವರು ಕಟ್ಟಿಸಿದ್ದಾದರೆ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಂದು ಒಳಗೆ ಹೋದೆ. ಮೇಸ್ತ್ರಿ, "ಹೊರಗ ನಿಂದರ್ರಿ ಅಕ್ಕಾರ," ಎಂದ. ಆಗುವುದಿಲ್ಲವೆಂದೆ. ಅವನು ಒತ್ತಾಯಿಸಲಿಲ್ಲ.

ಕೆಲವು ಟೇಕುಗಳು ಬಿಚ್ಚಿ ಬಂದ ಮೇಲೆ ಪಕ್ಕದಲ್ಲಿ ಯಾರೋ ನಿಂತಂತಾಯಿತು. ಹೆಡ್ ಬಾಯಾರು.

"ನೀವ್ಯಾಕ ಬಂದ್ರಿ ಒಳಗ? ಹೋಗ್ರಿ," ಎಂದೆ.

"ನೀವು ಇವತ್ತೊಂದಿನ ನಿಂದ್ರೋರು. ನಾಳೆಯಿಂದ ದಿನಾ ಇದರ ತೆಳಗ ನಿಂದ್ರಾಕಿ ನಾನು," ಎಂದರು ಅವರು. ನನ್ನ ತೋಳು ಹಿಡಿದುಕೊಂಡರು.

ಮೇಸ್ತ್ರಿ ಕೊನೆಯ ಟೇಕಿಗೆ ಬಂದ. ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಸುತ್ತಿಗೆಯಿಂದ ಹಗುರವಾಗಿ ಒಂದು ಏಟು ಹಾಕಿದ. ಟೇಕು ಅಲುಗಿತು. ಇನ್ನೊಂದು ಏಟು. ಅದು ಓರೆಯಾಗಿ ಅವನ ಕೈಗೆ ಬಂತು. ಸೂರು ಸುಮ್ಮನಿತ್ತು. ಹೊರಗೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು, ಅಷ್ಟೇ.

ಹೆಡ್ ಬಾಯಾರು ನನ್ನ ತೋಳು ಬಿಟ್ಟು ಸಾವಕಾಶ ಮೇಲೆ ನೋಡಿದರು.

"ಫ್ಯಾನಿನ ಕೊಂಡಿ ನಡುವ ಬಿಟ್ಟೀರಿ, ಅಗದಿ ಛಲೋ ಆತು," ಎಂದರು. ಬಾಗಿಲಿಗೆ ಹೋಗಿ, ಬೆಂಚು ಒಳಗೆ ತರಲು ಜೋರಾಗಿ ಕೂಗಿದರು.